ಲೇಬಲ್ಲಿಗೆ ಅನುಗುಣವಾಗಿದೆ

ಸೌತೆ ಸಸಿಗಳು ಸತ್ತಿರಲಿಲ್ಲ. ಸತ್ತಿದ್ದರೆ ಕಾರಣ ಹುಡುಕುವುದು ಸುಲಭವಾಗುತ್ತಿತ್ತು. ಇಪ್ಪತ್ತೆರಡು ದಿನದ ಸಸಿ ಗೇಣುದ್ದ ಇರಬೇಕಾದದ್ದು ನಾಲ್ಕು ಬೆರಳಿನ ಎತ್ತರಕ್ಕೇ ನಿಂತುಬಿಟ್ಟಿತ್ತು. ಎಲೆ ಮಾತ್ರ ದಪ್ಪಗೆ, ಕಡು ಹಸಿರಾಗಿ, ಎಣ್ಣೆ ಸವರಿದ ಹಾಗೆ ಮಿರುಗುತ್ತಿತ್ತು. ಒಂದೊಂದು ಟ್ರೇಯಲ್ಲಿ ತೊಂಬತ್ತೆಂಟು ಗುಳಿ, ಗುಳಿಗೊಂದು ಕುಳ್ಳ ಸಸಿ. ಅಂಥ ನೂರಾ ನಲವತ್ತು ಟ್ರೇಗಳು ನೆರಳುಬಲೆಯ ಕೆಳಗೆ ಸಾಲಾಗಿ ಕೂತಿದ್ದವು.

"ನೋಡು, ಎಲ್ಲಾ ಗುಂಡುಕಲ್ಲಿನ ಹಾಗಿವೆ," ಎಂದಳು ಅತ್ತಿಗೆ. "ಮೇಲೇಳೋಕೆ ಮಾತ್ರ ಮನಸ್ಸಿಲ್ಲ. ಭಾನುವಾರದ ನಿಮ್ಮಣ್ಣನ ಹಾಗೆ."

ನರ್ಸರಿ ಅತ್ತಿಗೆಯದು. ಅಣ್ಣನ ಪಾಲಿಗೆ ಅಲ್ಲಿ ವ್ಯಾನು ಓಡಿಸುವ ಕೆಲಸ ಮಾತ್ರ. ಸಸಿ ನೋಡಲು ಅವಳು ಕರೆಸಿಕೊಂಡಿದ್ದು ತನ್ನ ನಾದಿನಿಯನ್ನು. ನಾದಿನಿ ಬೆಳೆ ಔಷಧಿಗಳನ್ನು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯದಲ್ಲಿ ಹಿರಿಯ ಪರೀಕ್ಷಕಿ. ಯಾರಾದರೂ "ಸುಮಾರು ಐದು" ಎಂದರೆ "ಐದು ಪಾಯಿಂಟ್ ಎಷ್ಟು?" ಎಂದು ಕೇಳದೆ ಬಿಡುವವಳಲ್ಲವಾದ್ದರಿಂದ ಅಲ್ಲಿ ಎಲ್ಲರೂ ಅವಳನ್ನು ದಶಾಂಶ ಎಂದೇ ಕರೆಯುತ್ತಿದ್ದರು. ಆ ಹೆಸರು ಈಗ ನೆಂಟರ ಮನೆಗಳನ್ನೂ ತಲುಪಿತ್ತು. ಪ್ರಯೋಗಾಲಯದ ಬಾಗಿಲ ಪಕ್ಕದಲ್ಲಿ ಹಿಂಪಡೆದ ವರದಿಗಳ ಪಟ್ಟಿಯೊಂದು ತೂಗಾಡುತ್ತದೆ: ವರದಿಯ ಸಂಖ್ಯೆ, ತಾರೀಖು, ಸಹಿ ಹಾಕಿದವರ ಹೆಸರು. ಇಪ್ಪತ್ತೆರಡು ವರ್ಷದಲ್ಲಿ ದಶಾಂಶಳ ಹೆಸರು ಅದರಲ್ಲಿ ಒಮ್ಮೆಯೂ ಬಂದಿರಲಿಲ್ಲ. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿಕೊಂಡವಳಲ್ಲ. ಆದರೆ ಬೆಳಿಗ್ಗೆ ಒಳಗೆ ಹೋಗುವಾಗ ಆ ಪಟ್ಟಿಯ ಮೇಲೆ ಒಮ್ಮೆ ಕಣ್ಣು ಹಾಯಿಸುತ್ತಿದ್ದಳು.

"ಗಾಜಿನಮನೆ ಯಜಮಾನರು ಏನಂದ್ರು?" ಎಂದು ಕೇಳಿದಳು.

ಗಾಜಿನಮನೆ ಯಜಮಾನ ಎಂದರೆ ಆರು ದೊಡ್ಡ ಗಾಜಿನಮನೆಗಳಲ್ಲಿ ಸೌತೆ ಬೆಳೆಯುವವನು. ನರ್ಸರಿಯ ಮುಕ್ಕಾಲು ಪಾಲು ಸಸಿ ಹೋಗುವುದು ಅವನಿಗೇ. ಹಿಂದಿನ ಸಲ ಕಳಿಸಿದ್ದರಲ್ಲಿ ನಲವತ್ತು ಟ್ರೇ ಇಟ್ಟುಕೊಂಡು ಉಳಿದದ್ದನ್ನು ವಾಪಸು ಕಳಿಸಿದ್ದ.

"ಹಳೇ ಬೀಜ ಹಾಕಿದೀಯಾ ಅಂದ. ಹದಿನಾರು ವರ್ಷದಲ್ಲಿ ಹಳೇ ಬೀಜ ಮುಟ್ಟಿದವಳಲ್ಲ ನಾನು. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ. ಶುಕ್ರವಾರ ಬರ್ತಾನಂತೆ. ಯಾಕೆ ಹೀಗಾಯ್ತು ಅಂತ ಸರಿಯಾದ ಕಾರಣ ಹೇಳಿದ್ರೆ ಸರಿ, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋತೀನಿ ಅಂದಿದಾನೆ." ಅತ್ತಿಗೆ ಒಂದು ಸಸಿಯನ್ನು ಬುಡಸಮೇತ ಎತ್ತಿ ಅಂಗೈಯಲ್ಲಿಟ್ಟುಕೊಂಡಳು. "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು. ಮನೇಲೇ ಸೈಂಟಿಸ್ಟ್ ಇಟ್ಕೊಂಡು ಊರವರನ್ನೆಲ್ಲ ಕೇಳ್ಕೊಂಡು ಬಂದೆ."

ದಶಾಂಶ ಪುಸ್ತಕ ತೆಗೆದು ಒಂದೊಂದಾಗಿ ಕೇಳುತ್ತ ಹೋದಳು. ಬೀಜ ಯಾವಾಗಿನದು, ನೀರು ಎಷ್ಟು ಹೊತ್ತಿಗೊಮ್ಮೆ, ಗೊಬ್ಬರ ಎಷ್ಟು. ಎಲ್ಲಕ್ಕೂ ಉತ್ತರವಿತ್ತು, ಎಲ್ಲವೂ ಸರಿಯಾಗಿತ್ತು. ಕೊನೆಗೆ ಉಳಿದದ್ದು ಔಷಧಿ.

"ಒಂದೇ ಹೊಡೆದಿರೋದು. ಬೂದಿರೋಗದ್ದು," ಎಂದು ಅತ್ತಿಗೆ ಬಾಟಲಿ ತಂದಿಟ್ಟಳು. ಲೇಬಲ್ಲಿನ ಮೇಲೆ ದಪ್ಪಕ್ಷರದಲ್ಲಿ "ಶುದ್ಧ ಬಲರೂಪ, ಶೇಕಡ ಐದು. ಅರ್ಧ ಪ್ರಮಾಣ ಸಾಕು" ಎಂದಿತ್ತು.

ಕೆಲವು ಔಷಧಿಗಳ ಅಣುವಿಗೆ ಎರಡು ರೂಪ ಇರುತ್ತದೆ, ಬಲಗೈ ಎಡಗೈಗಳ ಹಾಗೆ. ಬೆರಳು ಅಷ್ಟೇ, ಕ್ರಮವೂ ಅದೇ, ಕನ್ನಡಿಯಲ್ಲಿ ನೋಡಿದರೆ ಒಂದು ಇನ್ನೊಂದರ ಪ್ರತಿಬಿಂಬ. ಆದರೂ ಬಲಗೈಯನ್ನು ಎಡಗೈ ಮಾಡಲಾಗುವುದಿಲ್ಲ. ಈ ಔಷಧಿಯಲ್ಲಿ ಬೂದಿರೋಗದ ಶಿಲೀಂಧ್ರವನ್ನು ಕೊಲ್ಲುವುದು ಬಲರೂಪ. ಎಡರೂಪಕ್ಕೆ ಶಿಲೀಂಧ್ರದ ಗೊಡವೆಯೇ ಇಲ್ಲ. ಅದು ಗಿಡವನ್ನು ಎತ್ತರಕ್ಕೆ ಒಯ್ಯುವ ರಸವನ್ನು ತಡೆಯುತ್ತದೆ, ಗಿಡ ಕುಳ್ಳಾಗುತ್ತದೆ. ಹಿಂದೆ ಬರುತ್ತಿದ್ದ ಔಷಧಿಯಲ್ಲಿ ಎರಡೂ ಅರ್ಧರ್ಧ ಇರುತ್ತಿದ್ದವು. ಹೊಸದು ಎಡರೂಪವನ್ನು ತೆಗೆದುಹಾಕಿದ್ದು ಎಂದು ಲೇಬಲ್ಲು ಹೇಳುತ್ತಿತ್ತು.

"ಹಳೇ ಔಷಧಿ ಜಾಸ್ತಿ ಆದ್ರೆ ಸಸಿ ಕುಳ್ಳ ಆಗ್ತಿತ್ತು, ನಿಜ. ಆದ್ರೆ ಇದರಲ್ಲಿ ಎಡರೂಪ ಇಲ್ಲ ಅತ್ತಿಗೆ."

"ಇಲ್ಲ ಅಂತ ಯಾರು ಹೇಳಿದ್ದು?"

"ಲೇಬಲ್."

"ಲೇಬಲ್ ಸರಿ ಅಂತ ಯಾರು ಹೇಳಿದ್ದು?" ಅತ್ತಿಗೆ ನಗುತ್ತಿದ್ದಳು. "ನೀನೇ. ಔಷಧಿ ಅಂಗಡಿಯವನು ನಿನ್ನ ವರದಿ ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿದಾನೆ, ದೇವರ ಪಟದ ಹಾಗೆ. ಕೆಳಗೆ ನಿನ್ನ ಸಹಿ. ನಮ್ಮ ದಶಾಂಶ ನೋಡಿದ ಮೇಲೆ ಇನ್ನೇನು ಅಂತ ತಗೊಂಡೆ."

ದಶಾಂಶಳಿಗೆ ಆ ವರದಿ ನೆನಪಿತ್ತು. "ಐದು ಪಾಯಿಂಟ್ ಸೊನ್ನೆ ಎರಡು ಬಂದಿತ್ತು," ಎಂದಳು. "ಔಷಧಿ ಸರಿಯಾಗಿದೆ. ಮಧ್ಯ ಯಾವಾಗ್ಲೋ ಒಂದೆರಡು ದಿನ ನೀರು ಕಡಿಮೆ ಆಗಿರಬೇಕು."

ಅತ್ತಿಗೆಯ ನಗು ನಿಂತಿತು. "ಹಾಗಾದ್ರೆ ನಂದೇ ತಪ್ಪು."

"ಹಾಗಲ್ಲ ಅತ್ತಿಗೆ..."

"ಅಲ್ಲ, ಇರಲಿ. ಕೇಳಿದ್ದು ನಾನೇ ಅಲ್ವಾ."

ಆಗ ಕಾಂಪೌಂಡಿನ ಆಚೆಯಿಂದ ಟೈಲರ್ ತಲೆ ಹಾಕಿದ. ಪಕ್ಕದ ಮನೆಯವನು, ಕೊರಳಲ್ಲಿ ಅಳತೆಪಟ್ಟಿ ತೂಗುತ್ತಿತ್ತು. "ಮೇಡಂ, ಗಿಡದ ಡಾಕ್ಟರು ಬಂದಿದಾರೆ ಅಂದ್ರು. ನನ್ನ ಹುರುಳಿಕಾಯಿ ಬಳ್ಳೀನೂ ಒಂಚೂರು ನೋಡ್ತೀರಾ? ಪ್ರತಿ ವರ್ಷ ಸಜ್ಜಾ ಮುಟ್ಟೋದು. ಈ ವರ್ಷ ಮೊಣಕಾಲು ದಾಟ್ತಿಲ್ಲ. ದಾರ ಕಟ್ಟಿದೀನಿ, ಹತ್ತೋರೇ ಇಲ್ಲ."

ದಶಾಂಶ ಗೋಡೆಯ ಮೇಲಿಂದ ಬಗ್ಗಿ ನೋಡಿದಳು. ದಪ್ಪ ಎಲೆ, ಕಡು ಹಸಿರು, ಗೆಣ್ಣಿಗೆ ಗೆಣ್ಣು ಅಂಟಿಕೊಂಡ ಬಳ್ಳಿ. ಸೌತೆ ಸಸಿಯ ತಮ್ಮನ ಹಾಗಿತ್ತು.

"ಔಷಧಿ ಏನು ಹೊಡೆದ್ರಿ?"

"ಔಷಧಿನಾ? ತಿನ್ನೋಕೆ ಹಾಕಿದ್ದಕ್ಕೆ ಔಷಧಿ ಯಾಕೆ ಹೊಡೀಲಿ? ಅಕ್ಕ ನಾಲ್ಕು ಚೀಲ ಟ್ರೇ ಮಣ್ಣು ಕೊಟ್ಟಿದ್ರು, ಅದನ್ನ ಹಾಕಿದೆ ಅಷ್ಟೇ."

ದಶಾಂಶ ಅತ್ತಿಗೆಯ ಕಡೆ ತಿರುಗಿದಳು. "ಯಾವ ಮಣ್ಣು?"

ಕತೆ ಆಗ ಪೂರ್ತಿ ಹೊರಬಂತು. ಮೊದಲ ಸಲದ ಸಸಿಗಳಿಗೆ ಬೂದಿರೋಗ ಬಂದಿತ್ತು. ಲೇಬಲ್ಲು ಹೇಳಿದಂತೆ ಅರ್ಧ ಪ್ರಮಾಣ ಹೊಡೆದಾಗ ರೋಗ ಬಗ್ಗಲಿಲ್ಲ, ಹಾಗಾಗಿ ಇನ್ನೊಂದು ಸಲ ಹೊಡೆದಳು. ಆಗಲೂ ಹೋಗದಿದ್ದಾಗ ಅರವತ್ತು ಟ್ರೇ ಸಸಿ ಕಿತ್ತೆಸೆದು, ಮಣ್ಣನ್ನು ಟಾರ್ಪಾಲಿನ ಮೇಲೆ ಸುರಿದು ಬಿಸಿಲಿಗೆ ಒಣಗಿಸಿ, ಹೊಸ ಮಣ್ಣಿನ ಜತೆ ಸಮಸಮ ಕಲಸಿ ಎರಡನೇ ಸಲಕ್ಕೆ ತುಂಬಿದಳು. ಅದಕ್ಕೂ ಎರಡು ಸಲ ಔಷಧಿ. ಯಜಮಾನ ವಾಪಸು ಕಳಿಸಿದ ಟ್ರೇಗಳ ಮಣ್ಣು ಮೂರನೇ ಸಲಕ್ಕೆ ಹೋಯಿತು. ಮಿಕ್ಕಿದ್ದು ಟೈಲರಿಗೆ.

"ಸಸಿ ಕೆಟ್ಟರೆ ಮಣ್ಣು ಏನು ತಪ್ಪು ಮಾಡಿತ್ತು?" ಎಂದಳು ಅತ್ತಿಗೆ.

ದಶಾಂಶ ಮತ್ತೆ ಬಳ್ಳಿಯ ಕಡೆ ಬಗ್ಗಿದಳು. ಟೈಲರಿನ ಪಾತಿಗೆ ಹೊಸ ಬೀಜ, ಬೇರೆ ನೀರು, ಬೇರೆ ಕೈ. ಔಷಧಿ ಒಂದು ಹನಿಯೂ ಬಿದ್ದಿಲ್ಲ. ಅಲ್ಲಿಗೂ ಇಲ್ಲಿಗೂ ಸಮಾನವಾಗಿದ್ದದ್ದು ಮಣ್ಣೊಂದೇ. ನೀರು ಕಡಿಮೆಯಾಗಿರಬೇಕು ಎಂದ ತನ್ನ ಮಾತು ಅವಳ ಬಾಯಲ್ಲಿ ಕಹಿಯಾಯಿತು. ಟೈಲರಿನಿಂದ ಎರಡು ಹಿಡಿ ಮಣ್ಣು ಕೇಳಿ ಕವರಿನಲ್ಲಿ ಕಟ್ಟಿಕೊಂಡಳು.

ಸೋಮವಾರ ಬೆಳಿಗ್ಗೆ ಅವಳು ಮೊದಲು ಮಾಡಿದ ಕೆಲಸ ತನ್ನದೇ ವರದಿಯನ್ನು ತೆಗೆದು ಓದಿದ್ದು. ಒಂದು ಪುಟ, ಮೂರು ಸಾಲು: ಸಕ್ರಿಯ ಅಂಶ, ಆಮ್ಲೀಯತೆ, ನೀರಿನಲ್ಲಿ ಬೆರೆಯುವ ಗುಣ. ಕೆಳಗೆ ಅಚ್ಚಾದ ವಾಕ್ಯ: "ಲೇಬಲ್ಲಿಗೆ ಅನುಗುಣವಾಗಿದೆ / ಅನುಗುಣವಾಗಿಲ್ಲ. ಬೇಡವಾದದ್ದನ್ನು ಹೊಡೆದುಹಾಕಿ." ಅವಳು ಎರಡನೆಯದನ್ನು ಹೊಡೆದುಹಾಕಿದ್ದಳು, ಅಳತೆಪಟ್ಟಿ ಇಟ್ಟು, ನೇರವಾಗಿ.

ಸಕ್ರಿಯ ಅಂಶ 5.02. ಅದು ನಿಜ. ಆದರೆ ಯಾವ ರೂಪದ್ದು? ಆ ಪ್ರಶ್ನೆಗೆ ಪುಟದಲ್ಲಿ ಸಾಲೇ ಇರಲಿಲ್ಲ. ಮೊನ್ನೆ ಮೊನ್ನೆಯವರೆಗೂ ಎಲ್ಲ ಔಷಧಿಗಳೂ ಎರಡೂ ರೂಪ ಕಲೆತೇ ಬರುತ್ತಿದ್ದುದರಿಂದ ಪ್ರಯೋಗಾಲಯಕ್ಕೆ ಅದನ್ನು ಕೇಳುವ ಅಭ್ಯಾಸವಿರಲಿಲ್ಲ. ಲೇಬಲ್ಲಿನಲ್ಲಿ "ಶುದ್ಧ ಬಲರೂಪ" ಎಂಬ ಎರಡು ಪದ ಹೊಸದಾಗಿ ಸೇರಿದಾಗಲೂ ಯಂತ್ರ ಹಳೆಯದೇ, ನಮೂನೆ ಹಳೆಯದೇ. ಅವಳು ಆ ಎರಡು ಪದಗಳನ್ನು ಓದಿದ್ದಳು. ಓದಿ, ಐದನ್ನು ಅಳೆದು, ಎಲ್ಲಕ್ಕೂ ಸೇರಿಸಿ ಸಹಿ ಹಾಕಿದ್ದಳು.

ಮೇಲಿನ ಮಹಡಿಯ ಮಾತ್ರೆ ಪರೀಕ್ಷಿಸುವ ವಿಭಾಗದಲ್ಲಿ ರೂಪಗಳನ್ನು ಬೇರ್ಪಡಿಸುವ ಕಾಲಂ ಒಂದಿತ್ತು. ಅದರ ಕಾವಲುಗಾರರು ಗುಳಿಗೆ ಸಾರ್. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದ್ದವರು. ಪೆನ್ನಿಗಿಂತ ಸ್ವಲ್ಪ ಉದ್ದದ ಆ ಉಕ್ಕಿನ ಕೊಳವೆಯನ್ನು ಅವರು ಮಗಳ ಒಡವೆಯ ಹಾಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು.

"ಮಣ್ಣಾ?" ಎಂದರು ಗುಳಿಗೆ ಸಾರ್. "ನನ್ನ ಕಾಲಂಗೆ ಮಣ್ಣು ತಿನ್ನಿಸ್ತೀರಾ?"

"ನಮ್ಮ ವಿಭಾಗದವರು ಸೋಸಿ, ತೊಳೆದು, ಸಾರ ತೆಗೆದು ಕೊಡ್ತಾರೆ ಸಾರ್. ನಾನು ಮುಟ್ಟೋ ಹಾಗಿಲ್ಲ. ನೆಂಟರಿಗೆ ಸಂಬಂಧಪಟ್ಟ ವಿಷಯ. ಬರೆದುಕೊಟ್ಟಿದೀನಿ."

"ಯಾವ ನೆಂಟರು?"

"ಅತ್ತಿಗೆ."

"ಹಾಗಾದ್ರೆ ಮಾಡಲೇಬೇಕು. ಅತ್ತಿಗೆ ವಿಷಯದಲ್ಲಿ ತಡ ಮಾಡಿ ಉದ್ಧಾರ ಆದವರಿಲ್ಲ." ಅವರು ಮೇಜಿನ ಮೇಲಿದ್ದ ಡಬ್ಬಿಯಿಂದ ತೆಳು ರಬ್ಬರಿನ ಗ್ಲೌಸ್ ಒಂದನ್ನು ಎಳೆದರು. "ನಿಮ್ಮ ಕೆಳಗಿನ ಯಂತ್ರ ಇದ್ದ ಹಾಗೆ. ಬಲಗೈ ಹಾಕಿದ್ರೂ ಸರಿ, ಎಡಗೈ ಹಾಕಿದ್ರೂ ಸರಿ, ಒಳಗೆ ಹೋಗುತ್ತೆ. ಯಾವ ಕೈ ಅಂತ ಕೇಳೋದೇ ಇಲ್ಲ. ಮುಳ್ಳು ಕಡಿಯೋರ ಚರ್ಮದ ಗ್ಲೌಸ್ ಇರುತ್ತಲ್ಲ, ನಮ್ಮದು ಅಂಥದ್ದು. ಎಡಗೈ ತಂದ್ರೆ ಸಿಕ್ಕಿಹಾಕ್ಕೊಂಡು ನಿಧಾನ ಆಗುತ್ತೆ."

ಟೈಲರಿನ ಹೆಸರಿನಲ್ಲಿ ಮಾದರಿ ದಾಖಲಾಯಿತು. ಮಂಗಳವಾರ ಸಂಜೆ ನಾಲ್ಕೂವರೆಗೆ ಗುಳಿಗೆ ಸಾರ್ ಹಾಳೆ ಹಿಡಿದು ಇಳಿದು ಬಂದರು. ಹಾಳೆಯ ಮೇಲೆ ಎರಡು ಗುಡ್ಡ. ಹನ್ನೊಂದನೇ ನಿಮಿಷದಲ್ಲಿ ಒಂದು ಸಣ್ಣ ದಿಬ್ಬ, ಹದಿನಾಲ್ಕರ ಹತ್ತಿರ ಒಂದು ದೊಡ್ಡ ಬೆಟ್ಟ.

"ಬಲ ಒಂಬತ್ತು, ಎಡ ತೊಂಬತ್ತೊಂದು," ಎಂದರು. "ದಶಾಂಶ ಬೇಕಾದ್ರೆ ಕೆಳಗಿದೆ, ನೋಡ್ಕೊಳ್ಳಿ. ಕರೆದದ್ದು ಒಬ್ಬನನ್ನ, ಬಂದದ್ದು ಇಬ್ಬರು. ಕರೆದವನು ಕೆಲಸ ಮುಗಿಸಿ ಹೋದ, ಮಣ್ಣಿನ ಸೂಕ್ಷ್ಮಜೀವಿಗಳು ಅವನನ್ನ ತಿಂದು ಮುಗಿಸಿದ್ವು. ಜತೆಗೆ ಬಂದವನನ್ನ ಅವು ಮೂಸಿ ನೋಡಿ ಬಿಟ್ಟುಬಿಟ್ಟಿವೆ. ಅವನು ಮನೇಲೇ ಉಳ್ಕೊಂಡ."

ಪ್ರತಿ ಸಲ ಮಣ್ಣು ಮತ್ತೆ ತುಂಬಿದಾಗ ಆ ಉಳಿದವನ ಮೇಲೆ ಹೊಸಬನೊಬ್ಬ ಸೇರುತ್ತ ಹೋಗಿದ್ದ. ಬೂದಿರೋಗ ಮೊದಲ ಸಲ ಬಗ್ಗದಿದ್ದುದಕ್ಕೂ ಈಗ ಅರ್ಥ ಸಿಕ್ಕಿತು. ಬಾಟಲಿಯಲ್ಲೇ ಎರಡೂ ರೂಪ ಇದ್ದಿದ್ದರೆ, ಅರ್ಧ ಪ್ರಮಾಣ ಹೊಡೆದಾಗ ಬಿದ್ದ ಬಲರೂಪ ಬೇಕಾದದ್ದರ ಅರ್ಧ ಮಾತ್ರ.

"ಆದ್ರೆ ಬಾಟಲಿ ತಪ್ಪು ಅಂತ ಇದರಿಂದ ಸಾಬೀತಾಗಲ್ಲ," ಎಂದಳು ದಶಾಂಶ. "ಬಾಟಲೀಲಿ ಶುದ್ಧ ಬಲವೇ ಇತ್ತು, ಮಣ್ಣಲ್ಲಿ ಮಗುಚಿಕೊಂಡು ಎಡ ಆಯ್ತು ಅಂತ ಕಂಪನಿಯವರು ವಾದಿಸಬಹುದು. ಕೆಲವು ಔಷಧಿ ಹಾಗೆ ಮಗುಚಿಕೊಳ್ಳುತ್ತೆ."

"ಹೌದು. ಬಾಟಲಿಯನ್ನೇ ಓಡಿಸಿ ನೋಡಬೇಕು."

"ಅತ್ತಿಗೆ ಹತ್ರ ಇರೋದು ಒಡೆದ ಬಾಟಲಿ. ಅದು ನಡೆಯಲ್ಲ. ಅದೇ ಲಾಟಿನ, ಸೀಲ್ ಒಡೆಯದ್ದು ಒಂದೇ ಕಡೆ ಇದೆ ನಮ್ಮಲ್ಲಿ."

ಪರೀಕ್ಷೆಗೆ ಬಂದ ಪ್ರತಿ ಮಾದರಿಯ ಒಂದು ಪಾಲನ್ನು ಅರಗು ಹಾಕಿ ನೆಲಮಾಳಿಗೆಯ ತಂಪು ಕೋಣೆಯಲ್ಲಿ ಒಂದು ವರ್ಷ ಇಡುವುದು ಪದ್ಧತಿ. ಉಳಿಕೆ ಮಾದರಿ ಎನ್ನುತ್ತಾರೆ. ಅದನ್ನು ಒಡೆಯಬೇಕಾದರೆ ಮೊದಲ ವರದಿಗೆ ಸಹಿ ಹಾಕಿದವರೇ ಅರ್ಜಿ ಬರೆಯಬೇಕು. ಅರ್ಜಿಯಲ್ಲಿ "ಕಾರಣ" ಎಂಬಲ್ಲಿ ಬರೆಯಲು ಅವಳಿಗಿದ್ದದ್ದು ಒಂದೇ ಮಾತು: ನನ್ನ ವರದಿ ತಪ್ಪಿರುವ ಸಾಧ್ಯತೆ.

ಬುಧವಾರ ನಿರ್ದೇಶಕರು ಅರ್ಜಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ? ನೀವು ಮಾಡಿದ್ದು ಒಪ್ಪಿಗೆ ಪಡೆದ ವಿಧಾನ. ಬಂದದ್ದು ಐದು. ಬರೆದದ್ದು ಐದು. ಇದರಲ್ಲಿ ತಪ್ಪೆಲ್ಲಿದೆ?"

"ಐದು ಸರಿಯಾಗಿದೆ ಸಾರ್. ಕೊನೇ ಸಾಲು ತಪ್ಪಿರಬಹುದು. ಲೇಬಲ್ಲಿಗೆ ಅನುಗುಣವಾಗಿದೆ ಅಂತ ಬರೆದಿದೀನಿ. ಲೇಬಲ್ಲಲ್ಲಿ ಬಲರೂಪ ಅಂತಿತ್ತು. ನಾನು ಅದನ್ನ ನೋಡೇ ಇಲ್ಲ."

"ನೋಡೋ ಯಂತ್ರ ನಿಮ್ಮ ವಿಭಾಗದಲ್ಲಿ ಇರಲಿಲ್ಲ."

"ಇಲ್ಲದಿದ್ರೆ ನೋಡಿಲ್ಲ ಅಂತ ಬರೀಬೇಕಿತ್ತು."

ನಿರ್ದೇಶಕರು ಒಳ್ಳೆಯವರೇ. ಬೇರೆ ದಾರಿಯನ್ನೂ ತೋರಿಸಿದರು. ಅತ್ತಿಗೆ ಒಂದು ದೂರು ಕೊಡಲಿ, ಇನ್‌ಸ್ಪೆಕ್ಟರು ಅಂಗಡಿಯಿಂದ ಹೊಸ ಬಾಟಲಿ ಜಪ್ತಿ ಮಾಡಿ ಬೇರೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಫಲಿತಾಂಶ ಏನೇ ಬಂದರೂ ಅದು ಬೇರೆ ಬಾಟಲಿ, ಬೇರೆ ವರದಿ. ಇವಳ ವರದಿ ಇದ್ದಲ್ಲೇ ಇರುತ್ತದೆ, ಬಾಗಿಲ ಪಟ್ಟಿಗೆ ಹೆಸರು ಹೋಗುವುದಿಲ್ಲ. ಆರು ವಾರದ ಮಾತು, ಹೆಚ್ಚೆಂದರೆ ಏಳು.

"ಶುಕ್ರವಾರಕ್ಕೆ ನರ್ಸರಿ ಗತಿ ನಿರ್ಧಾರ ಆಗುತ್ತೆ ಸಾರ್."

"ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂತ ನಾಳೆ ಯಾರಾದ್ರೂ ಹೇಳಲ್ವಾ? ಅತ್ತಿಗೆಗೋಸ್ಕರ ವರದಿ ಬದಲಾಯಿಸಿದಳು ಅಂತಾರೆ."

ಈ ಮಾತು ಅವಳಿಗೆ ನಾಟಿತು. ಅದು ತಪ್ಪಾಗಿರಲಿಲ್ಲ. ಹೇಳುವವರು ಹೇಳುತ್ತಾರೆ. ಅತ್ತಿಗೆ ಅಲ್ಲದೆ ಬೇರೆ ಯಾರದ್ದಾದರೂ ಸಸಿಯಾಗಿದ್ದರೆ ಭಾನುವಾರ ನಾನು ನೋಡಲು ಹೋಗುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಹೋಗುತ್ತಿರಲಿಲ್ಲ. ಅದೇ ಔಷಧಿ ಕೊಂಡ ಬೇರೆಯವರು ತಮ್ಮ ಕುಳ್ಳ ಸಸಿಗಳನ್ನು ನೋಡಿಕೊಂಡು ನೀರು ಕಡಿಮೆಯಾಯಿತೇನೋ ಎಂದುಕೊಳ್ಳುತ್ತಿರಬಹುದು. ಅವರಿಗೆ ನಾದಿನಿ ಇಲ್ಲ. ಗೋಡೆಯ ಮೇಲಿನ ಜೆರಾಕ್ಸ್ ಮಾತ್ರ ಇದೆ.

"ಹೇಳಲಿ ಸಾರ್. ನಾನು ಕೋಣೆ ಒಳಗೂ ಹೋಗಲ್ಲ. ಸೀಲ್ ಒಡೆಯೋದು, ಅಳೆಯೋದು ಎಲ್ಲ ಗುಳಿಗೆ ಸಾರ್. ಸಾಕ್ಷಿಗೆ ನೀರಿನ ವಿಭಾಗದವರು ಇರಲಿ. ನಂದು ಅರ್ಜಿ ಮಾತ್ರ."

ನಿರ್ದೇಶಕರು ಪೆನ್ನು ಕೈಗೆತ್ತಿಕೊಂಡರು, ಇಟ್ಟರು, ಮತ್ತೆ ಎತ್ತಿಕೊಂಡರು. "ಬಾಟಲಿ ಸರಿಯಾಗೇ ಇದ್ರೆ ಒಳ್ಳೇದು," ಎಂದು ಹೇಳಿ ಸಹಿ ಹಾಕಿದರು.

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಸೀಲ್ ಒಡೆದರು. ದಶಾಂಶ ಮೇಲಿನ ಮಹಡಿಯ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಒಂದು ಸುತ್ತಿಗೆ ಇಪ್ಪತ್ತು ನಿಮಿಷ, ಹಾಗೆ ಆರು ಸುತ್ತು. ಅವಳ ಕೆಲಸದ ಜೀವನದಲ್ಲಿ ಯಂತ್ರದ ಈಚೆ ಬದಿಯಲ್ಲಿ, ಬಾಗಿಲ ಹೊರಗೆ, ಏನೂ ಮಾಡದೆ ಕೂತದ್ದು ಇದೇ ಮೊದಲು. ಮಾದರಿ ತಂದುಕೊಟ್ಟವರು ಯಾಕೆ ಅಷ್ಟೊಂದು ಸಲ ಗಡಿಯಾರ ನೋಡುತ್ತಾರೆ ಎಂದು ಅವಳಿಗೆ ಸಿಟ್ಟು ಬರುತ್ತಿದ್ದುದುಂಟು. ಈಗ ತಾನೇ ಒಂದು ಗಂಟೆಯಲ್ಲಿ ಹನ್ನೊಂದು ಸಲ ನೋಡಿದ್ದಳು. ಬಾಟಲಿ ಶುದ್ಧವಾಗಿರಲಿ ಎಂದು ಒಮ್ಮೆ ಅನಿಸುತ್ತಿತ್ತು, ಆಗ ತನ್ನ ಸಹಿ ಉಳಿಯುತ್ತದೆ. ಆದರೆ ಆಗ ಶುಕ್ರವಾರ ಅತ್ತಿಗೆಗೆ ಹೇಳಲು ಏನೂ ಇರುವುದಿಲ್ಲ. ಎರಡೂ ಒಟ್ಟಿಗೆ ಉಳಿಯುವ ದಾರಿ ಇರಲಿಲ್ಲ.

ಮಧ್ಯಾಹ್ನ ಒಂದರ ಹೊತ್ತಿಗೆ ಗುಳಿಗೆ ಸಾರ್ ಹೊರಗೆ ಬಂದರು. ತಮಾಷೆ ಮಾಡಲಿಲ್ಲ. ಹಾಳೆಯನ್ನು ಅವಳ ಕೈಗೆ ಕೊಟ್ಟರು.

ಎರಡು ಬೆಟ್ಟ, ಅಕ್ಕಪಕ್ಕ, ಒಂದೇ ಎತ್ತರ. ಬಲ 2.53. ಎಡ 2.49. ಅವಳು ಮನಸ್ಸಿನಲ್ಲೇ ಕೂಡಿದಳು. 5.02. ಅವಳ ಅಂಕಿಯೇ. ಒಂದು ದಶಾಂಶವೂ ಆಚೀಚೆ ಇರಲಿಲ್ಲ.

"ಹಳೇ ಔಷಧೀನೇ," ಎಂದರು ಗುಳಿಗೆ ಸಾರ್. "ಹೊಸ ಅಂಗಿ ಹಾಕಿದಾರೆ."

ಮೂರು ಗಂಟೆಗೆ ವರದಿಯನ್ನು ಹಿಂಪಡೆದ ಪ್ರಕಟಣೆ ಹೊರಟಿತು. ತಯಾರಕರಿಗೆ, ಇನ್‌ಸ್ಪೆಕ್ಟರಿಗೆ, ಆ ಲಾಟಿನ ಬಾಟಲಿ ಇಟ್ಟಿದ್ದ ಮೂವತ್ತೊಂದು ಅಂಗಡಿಗೆ. ನಾಲ್ಕಕ್ಕೆ ಬಾಗಿಲ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಯಿತು. ಪಟ್ಟಿ ಟೈಪು ಮಾಡಿದ ಗುಮಾಸ್ತೆ ಅವಳ ಹೆಸರಿನ ಕಾಗುಣಿತವನ್ನು ಅವಳನ್ನೇ ಕೇಳಿಕೊಂಡು ಬರೆದಳು. ಚಹಾದ ಹೊತ್ತಿಗೆ ಎಲ್ಲರೂ ಅವಳ ಜತೆ ಅತಿ ಮೆತ್ತಗೆ ಮಾತಾಡಿದರು, ಅದು ಬೈಗುಳಕ್ಕಿಂತ ಕಷ್ಟವಾಯಿತು.

ಮನೆಗೆ ಹೋಗುವ ದಾರಿಯಲ್ಲಿ ಔಷಧಿ ಅಂಗಡಿಯ ಮುಂದೆ ನಿಂತಳು. ಅಂಗಡಿಯವನು ಆಗಲೇ ಜೆರಾಕ್ಸ್ ಕಿತ್ತಿದ್ದ. ಗೋಡೆಯ ಮೇಲೆ ಅಂಟಿನ ನಾಲ್ಕು ಕಲೆ ಇತ್ತು.

"ಮೇಡಂ, ನಿಮ್ಮ ಸಹಿ ನಂಬಿ ನಾನು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ?"

"ಅವರಿಗೆಲ್ಲ ಈಗ ಇದನ್ನೂ ಹೇಳಿ," ಎಂದು ಅವಳು ಪ್ರಕಟಣೆಯ ಇನ್ನೊಂದು ಪ್ರತಿ ಕೊಟ್ಟಳು. "ಇದರ ಕೆಳಗೂ ನನ್ನ ಸಹಿ ಇದೆ."

ಅವನು ಅದನ್ನು ಓದಿದ. ಗೋಡೆಗೆ ಅಂಟಿಸಲಿಲ್ಲ, ಎಸೆಯಲೂ ಇಲ್ಲ. ಗಲ್ಲಾಪೆಟ್ಟಿಗೆಯ ಪಕ್ಕ ಮಡಿಸಿಟ್ಟ.

ಅತ್ತಿಗೆಯ ಅಡುಗೆಮನೆಯಲ್ಲಿ ದಶಾಂಶ ಎರಡು ಪುಟಗಳನ್ನು ಮೇಜಿನ ಮೇಲಿಟ್ಟಳು. ಅಣ್ಣ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟ.

"ಮೊದಲನೇ ಪುಟ ಬಾಟಲಿದು. ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ನನ್ನದಿದೆ."

"ಎರಡನೇದು?"

"ಎರಡನೇದು ಟೈಲರ್ ಮಣ್ಣಿನದು. ಔಷಧಿ ಹೊಡೆದ ಮಣ್ಣನ್ನ ಮತ್ತೆ ಮತ್ತೆ ತುಂಬಿದ್ರಿಂದ ಎಡರೂಪ ಸೇರ್ತಾ ಹೋಯ್ತು ಅಂತ ಇದೆ. ಹೊಸ ಮಣ್ಣೇ ಹಾಕಿದ್ರೆ ಮೂರನೇ ಸಲ ಇಷ್ಟು ಕುಳ್ಳ ಆಗ್ತಿರಲಿಲ್ಲ."

ಅತ್ತಿಗೆ ಎರಡನೇ ಪುಟವನ್ನು ನಿಧಾನವಾಗಿ ಓದಿದಳು. "ಅಂದ್ರೆ ಹೊಟ್ಟೆ ಕಟ್ಟಿ ಉಳಿಸಿದ್ದೇ ಮುಳುವಾಯ್ತು. ಅವನಿಗೆ ಎರಡೂ ಕೊಡಬೇಕಾ?"

"ಮೊದಲನೇದು ಮಾತ್ರ ಕೊಟ್ರೂ ಅದು ಸುಳ್ಳಲ್ಲ. ನಿಮ್ಮಿಷ್ಟ." ಸ್ವಲ್ಪ ತಡೆದು ಹೇಳಿದಳು. "ಭಾನುವಾರ ನೀರು ಕಡಿಮೆ ಆಗಿರಬೇಕು ಅಂದೆನಲ್ಲ ಅತ್ತಿಗೆ. ಅದು ತಪ್ಪು ಮಾತು."

"ಅದನ್ನೂ ನಿಮ್ಮ ಬಾಗಿಲ ಪಟ್ಟೀಲಿ ಬರೆಸು," ಎಂದಳು ಅತ್ತಿಗೆ. ಅಣ್ಣ ನೀರು ಕುಡಿಯುತ್ತಿದ್ದವನು ಕೆಮ್ಮಿದ.

ಶುಕ್ರವಾರ ಯಜಮಾನ ಹೇಳಿದ ಹೊತ್ತಿಗೆ ಬಂದ. ದಶಾಂಶ ಅರ್ಧ ದಿನ ರಜೆ ಹಾಕಿ ಬಂದಿದ್ದಳು, ಆದರೆ ಮಾತಾಡುವುದು ಅತ್ತಿಗೆಯೇ ಎಂದು ಮೊದಲೇ ಒಪ್ಪಂದವಾಗಿತ್ತು. ಅತ್ತಿಗೆ ಎರಡೂ ಪುಟಗಳನ್ನು ಒಟ್ಟಿಗೆ ಅವನ ಕೈಗಿಟ್ಟಳು. ಅವನು ನಿಂತೇ ಓದಿದ. ಮೊದಲನೇ ಪುಟ ಮುಗಿಸಿ "ಹೀಗಾ ವಿಷಯ" ಎಂದ, ಮುಖ ಸಡಿಲವಾಯಿತು. ಎರಡನೆಯದರ ನಡುವೆ ನಿಂತುಬಿಟ್ಟ.

"ಎರಡನೇ ಬ್ಯಾಚು ಕೂಡ ಇದೇ ಮಣ್ಣಾ?"

"ಅರ್ಧ ಅದೇ."

"ನಲವತ್ತು ಟ್ರೇ ನನ್ನ ಹತ್ರ ಇತ್ತಲ್ಲಮ್ಮ." ಅವನ ದನಿ ಏರಲಿಲ್ಲ. "ಸಸಿ ಬೆಳೀಲಿಲ್ಲ ಅಂತ ಕಿತ್ತು, ಬುಡದ ಮಣ್ಣು ಸಮೇತ ಗೊಬ್ಬರದ ಗುಂಡಿಗೆ ಹಾಕಿಸಿದೀನಿ. ಆ ಗೊಬ್ಬರ ಈವತ್ತು ನಾಲ್ಕನೇ ಗಾಜಿನಮನೆಗೆ ಹರಡ್ತಿದಾರೆ."

ಅವನು ಫೋನು ತೆಗೆದು ಅಲ್ಲೇ ಕರೆ ಮಾಡಿದ. "ನಿಲ್ಸು. ಇದ್ದಲ್ಲೇ ನಿಲ್ಸು. ಎಷ್ಟು ಸಾಲು ಆಯ್ತು? ಮೂರಾ? ಸರಿ, ಮೂರಕ್ಕೇ ಬಿಡು. ಗುದ್ದಲಿ ಕೆಳಗಿಡು ಅಂದೆ." ಫೋನು ಜೇಬಿಗೆ ಹಾಕಿ ಅತ್ತಿಗೆಯನ್ನು ನೋಡಿದ. "ಮೊದಲನೇ ಪುಟ ಮಾತ್ರ ಕೊಟ್ಟಿದ್ರೆ ನಾನು ಕೈಕುಲುಕಿ ಹೋಗ್ತಿದ್ದೆ. ಸಂಜೆ ಹೊತ್ತಿಗೆ ಇಪ್ಪತ್ತೆರಡು ಸಾಲು ಆಗಿರ್ತಿತ್ತು."

"ಬೈಯೋದಿದ್ರೆ ಬೈದುಬಿಡಿ," ಎಂದಳು ಅತ್ತಿಗೆ.

"ಬೈತೀನಿ, ಪುರುಸೊತ್ತಾದಾಗ. ಟ್ರೇ ಮಣ್ಣನ್ನ ಮತ್ತೆ ಉಪಯೋಗಿಸ್ತೀನಿ ಅಂತ ನನಗೆ ಒಂದು ಮಾತು ಹೇಳಿದ್ರೆ ನಿಂಗೇನು ಗಂಟು ಹೋಗ್ತಿತ್ತು?" ಅವನು ದಶಾಂಶಳ ಕಡೆ ತಿರುಗಿದ. "ಮೇಡಂ, ಆ ಮೂರು ಸಾಲು ಕೆಟ್ಟಿದೆಯೋ ಇಲ್ಲವೋ ಅಂತ ಹೇಳೋಕೆ ಆಗುತ್ತಾ? ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ತಿಂಗಳು ಇರುತ್ತೆ?"

"ಎಷ್ಟಿದೆ ಅಂತ ಅಳೆದು ಹೇಳಬಹುದು. ಎಷ್ಟು ತಿಂಗಳು ಅಂತ ಈಗ ಗೊತ್ತಿಲ್ಲ. ತಿಂಗಳಿಗೊಮ್ಮೆ ಅಳೆದರೆ ಗೊತ್ತಾಗುತ್ತೆ. ನೀರು ಬಸಿದು ಹೋಗೋ ಕಾಲುವೆದೂ ತಗೋಬೇಕು."

"ಈಗಲೇ ಬರ್ತೀರಾ?"

ಅವಳು ಚೀಲದಿಂದ ಖಾಲಿ ಕವರುಗಳನ್ನೂ ಗುರುತು ಹಾಕುವ ಪೆನ್ನನ್ನೂ ತೆಗೆದುಕೊಂಡಳು. ಯಜಮಾನ ಗೇಟಿನವರೆಗೂ ಹೋಗಿ ನಿಂತ.

"ಇಪ್ಪತ್ತು ಟ್ರೇ ಹಾಕು," ಎಂದ ಅತ್ತಿಗೆಗೆ. "ಹೊಸ ಮಣ್ಣು, ತೊಳೆದ ಟ್ರೇ, ಔಷಧಿ ಹೊಡೆದ್ರೆ ಯಾವುದು, ಯಾವತ್ತು ಅಂತ ಬರೆದಿಡು. ಮೂರು ವಾರ ಆದ ಮೇಲೆ ಉದ್ದ ಅಳೆದು ನೋಡ್ತೀನಿ. ಆಮೇಲೆ ಮಿಕ್ಕಿದ್ದರ ಮಾತು."

"ಇಪ್ಪತ್ತೇನಾ?" ಎಂದಳು ಅತ್ತಿಗೆ.

"ಇಪ್ಪತ್ತೇ."

ಗಾಡಿ ಹೊರಟಾಗ ದಶಾಂಶ ಕಿಟಕಿಯಿಂದ ಹಿಂದಕ್ಕೆ ನೋಡಿದಳು. ಅತ್ತಿಗೆ ಆಗಲೇ ಟೈಲರಿನ ಕಾಂಪೌಂಡಿನ ಹತ್ತಿರ ನಿಂತು, ಕೊಟ್ಟ ನಾಲ್ಕು ಚೀಲ ಮಣ್ಣನ್ನು ವಾಪಸು ಕೇಳುತ್ತಿದ್ದಳು. ಟೈಲರ್ ಎರಡೂ ಕೈ ಚೆಲ್ಲಿ ಏನೋ ಹೇಳುತ್ತಿದ್ದ. ಅಣ್ಣ ಗುದ್ದಲಿ, ಖಾಲಿ ಚೀಲ ಹಿಡಿದು ಅವರ ಮಾತು ಮುಗಿಯಲಿ ಎಂದು ಕಾಯುತ್ತಿದ್ದ.